ಲೇಬಲ್ ಮೇಲೆ 99% ಅಂತ ಇದ್ದರೆ ಆ ಪೆಪ್ಟೈಡ್ ಸೇಫ್ ಅಂತ ಅರ್ಥನಾ?

ಮುಂಜಾವು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಬಹಳ ದಿನದಿಂದ ಮೊಣಕಾಲು ನೋವು. ಬಿಪಿಸಿ-157 ಅನ್ನುವ ಪೆಪ್ಟೈಡ್ ಚುಚ್ಚಿಕೊಂಡರೆ ಬೇಗ ವಾಸಿಯಾಗುತ್ತದೆ ಅಂತ ಜಿಮ್‌ನಲ್ಲಿ ಯಾರೋ ಹೇಳಿದ್ದಾರೆ. ಅವನು ಆನ್‌ಲೈನ್‌ನಲ್ಲಿ ಮಾರುವವರನ್ನೂ ಹುಡುಕಿಟ್ಟಿದ್ದಾನೆ. ಬಾಟಲಿ ಮೇಲೆ "ಸಂಶೋಧನೆಗೆ ಮಾತ್ರ" ಅಂತ ಇದೆ. ಜೊತೆಗೆ ಒಂದು ಪಿಡಿಎಫ್, ಅದರಲ್ಲಿ "ಶುದ್ಧತೆ 99.2%" ಅಂತ ಬರೆದಿದೆ. "ನೋಡಕ್ಕಾ, ಲ್ಯಾಬ್ ರಿಪೋರ್ಟೇ ಇದೆಯಲ್ಲ" ಅನ್ನುತ್ತಾನೆ.

ನನಗೆ ಮಾತ್ರ ಸಮಾಧಾನ ಇಲ್ಲ. ಆದರೆ ಏನು ತಪ್ಪು ಅಂತ ಬೆರಳಿಟ್ಟು ತೋರಿಸಲು ಬರುವುದಿಲ್ಲ. ಈ ರಿಪೋರ್ಟ್ ಓದುವುದು ಹೇಗೆ? 99.2 ಅಂದರೆ ನಿಜಕ್ಕೂ ಏನು? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಅವನಿಗೂ ಓದಿಸುತ್ತೇನೆ.

ಗಾಜುಕೊಳವೆ

ಮುಂಜಾವು ಅವರೇ, ಔಷಧಿ ಕಂಪನಿಯ ಗುಣಮಟ್ಟ ಪರೀಕ್ಷೆ ಲ್ಯಾಬ್‌ನಲ್ಲಿ ಇಂಥ ರಿಪೋರ್ಟ್‌ಗಳನ್ನು ಬರೆಯುವುದು, ಪರಿಶೀಲಿಸುವುದೇ ನನ್ನ ಕೆಲಸ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಕಲ್ಮಶ ಎಲ್ಲಿಂದ ಬರುತ್ತದೆ ಅಂತ ನೋಡೋಣ. ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ. ಇವತ್ತು ಹೆಚ್ಚಿನವನ್ನು ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ಪ್ರಕಟಿಸಿದ ವಿಧಾನದಲ್ಲೇ ಮಾಡುತ್ತಾರೆ. ಅದಕ್ಕೆ ಅವರಿಗೆ 1984ರಲ್ಲಿ ನೊಬೆಲ್ ಬಂತು. ರಾಳದ ಸಣ್ಣ ಸಣ್ಣ ಕಾಳುಗಳ ಮೇಲೆ ಮೊದಲ ಅಮೈನೋ ಆಮ್ಲವನ್ನು ಕೂರಿಸಿ, ಅದಕ್ಕೆ ಒಂದೊಂದೇ ಜೋಡಿಸುತ್ತಾ ಹೋಗುತ್ತಾರೆ, ದಾರಕ್ಕೆ ಮಣಿ ಪೋಣಿಸಿದ ಹಾಗೆ. ತೊಂದರೆ ಏನೆಂದರೆ ಯಾವ ಜೋಡಣೆಯೂ ನೂರಕ್ಕೆ ನೂರು ಆಗುವುದಿಲ್ಲ. ಪ್ರತಿ ಹಂತದಲ್ಲೂ 99% ಸರಿಯಾಗಿ ಜೋಡಣೆ ಆಯಿತು ಅಂದುಕೊಳ್ಳಿ. 30 ಅಮೈನೋ ಆಮ್ಲಗಳ ಸರಪಳಿಗೆ 29 ಜೋಡಣೆ ಬೇಕು. ಲೆಕ್ಕ ಹಾಕಿದರೆ ಕೊನೆಗೆ ಪೂರ್ತಿ ಸರಿ ಇರುವ ಸರಪಳಿ ಸುಮಾರು 75% ಮಾತ್ರ. ಉಳಿದದ್ದರಲ್ಲಿ ನಡುವೆ ಒಂದು ಬಿಟ್ಟುಹೋದ ಸರಪಳಿಗಳಿರುತ್ತವೆ, ಅರ್ಧಕ್ಕೇ ನಿಂತವು ಇರುತ್ತವೆ, ಒಂದೇ ಅಮೈನೋ ಆಮ್ಲ ಎರಡು ಸಲ ಸೇರಿಕೊಂಡವೂ ಇರುತ್ತವೆ. ಇವೆಲ್ಲ ನೋಡಲು ಅಸಲಿಗೆ ತುಂಬಾ ಹತ್ತಿರ. ಹಾಗಾಗಿ ಬೇರ್ಪಡಿಸುವುದೇ ದೊಡ್ಡ ಕೆಲಸ, ದೊಡ್ಡ ಖರ್ಚು.

ಈಗ ನಿಮ್ಮ 99.2ಕ್ಕೆ ಬರೋಣ. ಅದು ಸಾಮಾನ್ಯವಾಗಿ ಎಚ್‌ಪಿಎಲ್‌ಸಿ ಅನ್ನುವ ಯಂತ್ರದಿಂದ ಬಂದ ಸಂಖ್ಯೆ. ಸ್ಯಾಂಪಲ್ ಕರಗಿಸಿ ಒಂದು ಕಾಲಂ, ಅಂದರೆ ಬೆರೆತ ವಸ್ತುಗಳನ್ನು ಬೇರ್ಪಡಿಸುವ ಕೊಳವೆ, ಅದರ ಮೂಲಕ ಹಾಯಿಸುತ್ತಾರೆ. ಹೊರಗೆ ಬರುವಾಗ 214 ಅಥವಾ 220 ನ್ಯಾನೋಮೀಟರ್ ಅತಿನೇರಳೆ ಬೆಳಕು ಬಿಟ್ಟು ನೋಡುತ್ತಾರೆ. ಪೆಪ್ಟೈಡ್ ಬಂಧಗಳು ಆ ಬೆಳಕನ್ನು ಹೀರುತ್ತವೆ, ಗ್ರಾಫ್‌ನಲ್ಲಿ ಪೀಕ್ ಏಳುತ್ತದೆ. ಎಲ್ಲ ಪೀಕ್‌ಗಳ ಒಟ್ಟು ವಿಸ್ತೀರ್ಣದಲ್ಲಿ ಮುಖ್ಯ ಪೀಕ್‌ನ ಪಾಲು ಎಷ್ಟು? ಅದೇ ಆ 99.2.

ಅಂದರೆ ಆ ಬೆಳಕನ್ನು ಹೀರದ ಯಾವುದೂ ಈ ಲೆಕ್ಕದಲ್ಲಿಲ್ಲ. ನೀರು, ಉಪ್ಪು, ಸೀಸದಂಥ ಲೋಹ, ಸೂಕ್ಷ್ಮಜೀವಿ, ಅವುಗಳ ವಿಷ ಯಾವುದೂ ಇಲ್ಲ. ಬಾಟಲಿಯಲ್ಲಿ ಎಷ್ಟು ಮಿಲಿಗ್ರಾಂ ಇದೆ ಅನ್ನುವುದಂತೂ ಇಲ್ಲವೇ ಇಲ್ಲ. ಕೊನೆಗೆ ಆ ಮುಖ್ಯ ಪೀಕ್ ಬಿಪಿಸಿ-157 ಹೌದೋ ಅಲ್ಲವೋ ಅನ್ನುವುದನ್ನೂ ಈ ಶೇಕಡಾವಾರು ಹೇಳುವುದಿಲ್ಲ. ಬೇರೆ ಪೆಪ್ಟೈಡ್ ತುಂಬಿಸಿ ಪರೀಕ್ಷಿಸಿದರೂ 99.2 ಬರಬಹುದು.

ಮುಂಜಾವು

ಕೊನೆಯ ಸಾಲು ಓದಿ ದಂಗಾದೆ. ಹಾಗಾದರೆ ಒಳಗೆ ಇರುವುದು ಅದೇನಾ ಅಂತ ತಿಳಿಯುವುದು ಹೇಗೆ?

ಗಾಜುಕೊಳವೆ

ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ. ಅದು ಅಣುವಿನ ತೂಕ ಹೇಳುತ್ತದೆ. ಆ ಪೆಪ್ಟೈಡ್ ಎಷ್ಟು ತೂಗಬೇಕು ಅನ್ನುವ ಲೆಕ್ಕಕ್ಕೂ ಅದಕ್ಕೂ ತಾಳೆಯಾದರೆ ಮೊದಲ ಗಟ್ಟಿ ಸಾಕ್ಷಿ ಸಿಕ್ಕಿತು ಅಂತ. ಆದರೆ ಅಲ್ಲಿಗೂ ಮುಗಿಯುವುದಿಲ್ಲ. ಲ್ಯೂಸಿನ್ ಮತ್ತು ಐಸೋಲ್ಯೂಸಿನ್ ತೂಕ ಒಂದೇ. ಎರಡು ಅಮೈನೋ ಆಮ್ಲಗಳು ಜಾಗ ಅದಲುಬದಲಾದರೂ ತೂಕ ಅಷ್ಟೇ. ಜೋಡಿಸುವಾಗ ಎಲ್ ರೂಪದ ಅಮೈನೋ ಆಮ್ಲ ಡಿ ರೂಪಕ್ಕೆ ತಿರುಗಿಬಿಟ್ಟರೆ, ಅಂದರೆ ಕನ್ನಡಿ ಪ್ರತಿಬಿಂಬ ಆದರೆ, ಆಗಲೂ ತೂಕ ಬದಲಾಗುವುದಿಲ್ಲ. ಗಂಧಕದ ಸೇತುವೆ ಇರುವ ಪೆಪ್ಟೈಡ್‌ಗಳಲ್ಲಿ ಸೇತುವೆ ತಪ್ಪು ಜಾಗದಲ್ಲಿ ಕೂತರೂ ಅದೇ ಕಥೆ. ಅದಕ್ಕೇ ಔಷಧಿ ಕಂಪನಿಗಳು ಒಂದಕ್ಕೊಂದು ಪೂರಕವಾದ ಹಲವು ಪರೀಕ್ಷೆ ಮಾಡುತ್ತವೆ, ಗುಣಮಟ್ಟ ಖಚಿತವಾಗಿರುವ ಮಾದರಿಯ ಜೊತೆ ಹೋಲಿಸುತ್ತವೆ.

ಪ್ರಮಾಣದ ವಿಷಯವನ್ನೂ ಹೇಳಿಬಿಡುತ್ತೇನೆ. ಒಣಗಿಸಿದ ಬಿಳಿ ಪುಡಿಯೆಲ್ಲ ಪೆಪ್ಟೈಡ್ ಅಲ್ಲ. ಅದರಲ್ಲಿ ತೇವಾಂಶ ಇರುತ್ತದೆ, ಅಸಿಟೇಟ್ ಅಥವಾ ಟ್ರೈಫ್ಲೂರೋಅಸಿಟೇಟ್ ಉಪ್ಪು ಅಂಟಿಕೊಂಡಿರುತ್ತದೆ. ನಿಜವಾದ ಪೆಪ್ಟೈಡ್ ಪಾಲು 60ರಿಂದ 90% ನಡುವೆ ಇರುವುದು ತೀರಾ ಮಾಮೂಲು. ಹಾಗಾಗಿ ಶುದ್ಧತೆ 99% ಇರುವ ಪುಡಿಯಲ್ಲಿ ಪೆಪ್ಟೈಡ್ 75% ಇರಬಹುದು. ಇದರಲ್ಲಿ ಸುಳ್ಳು ಏನೂ ಇಲ್ಲ, ಅವೆರಡೂ ಬೇರೆ ಬೇರೆ ಅಳತೆ. ಎರಡನ್ನೂ ಬರೆಯದ ರಿಪೋರ್ಟ್ ಅರ್ಧ ರಿಪೋರ್ಟ್.

ಔಷಧಿಪೆಟ್ಟಿಗೆ

ನಾನು ಫಾರ್ಮಸಿಸ್ಟ್. ಗಾಜುಕೊಳವೆ ಸರ್ ಹೇಳಿದ್ದಕ್ಕೆ ಒಂದು ಸೇರಿಸಬೇಕು. ಮುಂಜಾವು ಅವರೇ, ನಿಮ್ಮ ತಮ್ಮ ಇದನ್ನು ಚುಚ್ಚಿಕೊಳ್ಳಲು ಹೊರಟಿದ್ದಾನೆ. ಅಲ್ಲಿ ಎಂಡೋಟಾಕ್ಸಿನ್ ಅನ್ನುವುದು ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು.

ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರ ಪೊರೆಯಲ್ಲಿರುವ ವಸ್ತು ಇದು. ಬ್ಯಾಕ್ಟೀರಿಯಾ ಸತ್ತರೂ ಇದು ಉಳಿಯುತ್ತದೆ. ಹೊಟ್ಟೆಗೆ ಹೋದರೆ ಅಷ್ಟೇನೂ ತೊಂದರೆ ಇಲ್ಲ, ನಮ್ಮ ಕರುಳಲ್ಲೇ ಬೇಕಾದಷ್ಟಿದೆ. ಆದರೆ ಸೂಜಿಯ ಮೂಲಕ ಒಳಗೆ ಹೋದರೆ ಜ್ವರ, ನಡುಕ ಬರಬಹುದು. ಜಾಸ್ತಿಯಾದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. "ನಾವು 0.22 ಮೈಕ್ರಾನ್ ಫಿಲ್ಟರ್ ಹಾಕುತ್ತೇವೆ, ಆದ್ದರಿಂದ ಸೇಫ್" ಅಂತ ಕೆಲವರು ಹೇಳುತ್ತಾರೆ. ಆ ಫಿಲ್ಟರ್ ಬ್ಯಾಕ್ಟೀರಿಯಾ ಹಿಡಿಯುತ್ತದೆ, ಎಂಡೋಟಾಕ್ಸಿನ್ ಹಿಡಿಯುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ಔಷಧಿ ತಯಾರಿಸುವ ಕಡೆ ಖಾಲಿ ಗಾಜಿನ ಬಾಟಲಿಗಳನ್ನು 250 ಡಿಗ್ರಿಯಷ್ಟು ಒಣ ಶಾಖದಲ್ಲಿ ಅರ್ಧ ಗಂಟೆಯಾದರೂ ಕಾಯಿಸುವುದು ಇದಕ್ಕೇ. ಇದನ್ನು ಪತ್ತೆಮಾಡುವ ಎಲ್‌ಎಎಲ್ ಪರೀಕ್ಷೆಗೆ ಕುದುರೆಲಾಳದ ಏಡಿಯ ರಕ್ತಕಣಗಳ ಸಾರ ಬಳಸುತ್ತಾರೆ. ಈಗ ಲ್ಯಾಬ್‌ನಲ್ಲೇ ತಯಾರಿಸಿದ ಬದಲಿಯೂ ಬಂದಿದೆ.

ತಮ್ಮನ ಪಿಡಿಎಫ್‌ನಲ್ಲಿ ಎಂಡೋಟಾಕ್ಸಿನ್ ಅನ್ನುವ ಸಾಲು ಇದೆಯಾ ನೋಡಿ.

ಮುಂಜಾವು

ನೋಡಿದೆ ಮೇಡಂ. ಇಲ್ಲ. ಎಚ್‌ಪಿಎಲ್‌ಸಿ ಗ್ರಾಫ್ ಒಂದು, ತೂಕದ್ದು ಒಂದು ಸಾಲು, ಅಷ್ಟೇ. ಬ್ಯಾಚ್ ನಂಬರ್ ಇರುವ ಜಾಗ ಖಾಲಿ.

ನೇರಮಾತು

ಎಲ್ಲರೂ ಸೇರಿ ಸುಮ್ನೆ ಹೆದರಿಸುತ್ತಿದ್ದೀರಿ ಅನ್ನಿಸುತ್ತದೆ. ನಾನು ಇರುವ ಗುಂಪಿನಲ್ಲಿ ಎಲ್ಲರೂ ದುಡ್ಡು ಹಾಕಿ ಹೊರಗಿನ ಲ್ಯಾಬ್‌ಗೆ ಬಾಟಲಿ ಕಳಿಸಿ ಪರೀಕ್ಷೆ ಮಾಡಿಸುತ್ತೇವೆ. ಮಾರುವವರ ಮಾತು ನಂಬುವುದಿಲ್ಲ. ಇನ್ನೊಂದು ಮಾತು, ಲೈಸೆನ್ಸ್ ಇರುವ ಔಷಧಿಗಳಲ್ಲಿ ತಪ್ಪೇ ಆಗಿಲ್ಲವಾ? ಎಷ್ಟು ರೀಕಾಲ್ ಆಗಿವೆ! ಕಚ್ಚಾವಸ್ತು ಅಂತೂ ಎಲ್ಲರಿಗೂ ಅದೇ ಕಾರ್ಖಾನೆಗಳಿಂದ ಬರುತ್ತದೆ.

ಗಾಜುಕೊಳವೆ

ನೇರಮಾತು ಅವರೇ, ನಿಮ್ಮ ಪ್ರಶ್ನೆಗಳು ನ್ಯಾಯವಾದವು. ಒಂದೊಂದಾಗಿ ಉತ್ತರಿಸುತ್ತೇನೆ.

ಮಾರುವವರನ್ನು ನಂಬದೆ ಬೇರೆ ಲ್ಯಾಬ್‌ಗೆ ಕಳಿಸುವುದು ಏನೂ ಮಾಡದಿರುವುದಕ್ಕಿಂತ ಖಂಡಿತ ಮೇಲು. ಆದರೆ ನೀವು ಕಳಿಸಿದ ಬಾಟಲಿಯ ಬಗ್ಗೆ ಮಾತ್ರ ಲ್ಯಾಬ್ ಹೇಳಬಲ್ಲದು. ಉಳಿದವು ಅದೇ ಬ್ಯಾಚಿನವು ಅಂತ ನಿಮಗೆ ಹೇಗೆ ಗೊತ್ತು? ಲೇಬಲ್ ಹಚ್ಚಿದವರು ಹೇಳಿದ್ದರಿಂದ ತಾನೇ? ಅಂದರೆ ಮತ್ತೆ ಅವರನ್ನೇ ನಂಬಿದ ಹಾಗಾಯಿತು.

ಕ್ರಿಮಿರಹಿತ ಅನ್ನುವ ವಿಷಯದಲ್ಲಿ ಇದು ಇನ್ನೂ ಗಂಭೀರ. ನೂರರಲ್ಲಿ ಒಂದು ಬಾಟಲಿಗೆ ಸೋಂಕು ತಗುಲಿದೆ ಅಂದುಕೊಳ್ಳಿ. ನೀವು 20 ಬಾಟಲಿ ತೆಗೆದು ಪರೀಕ್ಷೆ ಮಾಡಿದಿರಿ. ಇಪ್ಪತ್ತೂ ಚೆನ್ನಾಗಿವೆ ಅಂತ ಬರುವ ಸಾಧ್ಯತೆ ಸುಮಾರು 82%. ಅಷ್ಟು ದೊಡ್ಡ ಪರೀಕ್ಷೆಯೂ ಐದರಲ್ಲಿ ನಾಲ್ಕು ಸಲ ಆ ಸೋಂಕನ್ನು ಕಾಣುವುದಿಲ್ಲ! ಇನ್ನು ಒಂದೋ ಎರಡೋ ಬಾಟಲಿ ಕಳಿಸಿದರೆ ಏನು ಗೊತ್ತಾದೀತು? ಕೊನೆಯ ಪರೀಕ್ಷೆಯೊಂದನ್ನೇ ನಂಬಿ ಕ್ರಿಮಿರಹಿತ ಅನ್ನಲು ಆಗುವುದಿಲ್ಲ. ಗಾಳಿ, ನೀರು, ಬಟ್ಟೆ, ಕೈಗವಸು, ತುಂಬಿಸುವ ಯಂತ್ರ, ಅಲ್ಲಿ ಕೆಲಸ ಮಾಡುವವರ ತರಬೇತಿ, ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಹಿಡಿತದಲ್ಲಿ ಇಟ್ಟುಕೊಂಡಾಗ ಮಾತ್ರ ಅದು ಬರುತ್ತದೆ. ಜಿಎಂಪಿ, ಅಂದರೆ ಔಷಧಿ ತಯಾರಿಕೆಯ ಗುಣಮಟ್ಟದ ನಿಯಮಗಳು, ಇರುವುದು ಇದಕ್ಕೇ. ತಯಾರಿಕೆ ನಡೆಯುವ ಜಾಗವನ್ನೇ ಬಂದು ನೋಡುವ ಅಧಿಕಾರ ಇರುವವರು ಯಾರಾದರೂ ಇರಬೇಕು. "ಸಂಶೋಧನೆಗೆ ಮಾತ್ರ" ಅಂತ ಬರೆದು ಮಾರುವ ಬಾಟಲಿಯನ್ನು ಮನುಷ್ಯರಿಗೆ ಚುಚ್ಚುವ ಔಷಧಿ ಅಂತ ಯಾರೂ ಹಾಗೆ ನೋಡಿರುವುದಿಲ್ಲ. ಆ ಎರಡು ಪದದ ಅರ್ಥವೇ ಅದು, ಮನುಷ್ಯರ ಬಳಕೆಗೆ ನಾವು ಜವಾಬ್ದಾರರಲ್ಲ ಅಂತ.

ಕಚ್ಚಾವಸ್ತು ಒಂದೇ ಕಾರ್ಖಾನೆಯಿಂದ ಬಂದರೂ ಅದರಲ್ಲಿ ಪಾಸಾದ ಲಾಟ್ ಯಾವುದು, ತಿರಸ್ಕರಿಸಿದ್ದು ಯಾವುದು, ಆಮೇಲೆ ಎಲ್ಲಿ ತುಂಬಿಸಿದರು, ಎಷ್ಟು ದಿನ ಬಿಸಿಲಲ್ಲಿ ಇತ್ತು, ಇದನ್ನು ತೋರಿಸುವ ಕಾಗದಪತ್ರ ಇಲ್ಲದಿದ್ದರೆ ಆ ಮಾತಿಗೆ ಬೆಲೆ ಇಲ್ಲ.

ಔಷಧಿಪೆಟ್ಟಿಗೆ

ಲೈಸೆನ್ಸ್ ಇರುವ ಔಷಧಿಯಲ್ಲೂ ತಪ್ಪಾಗಿದೆ ಅನ್ನುವುದು ನಿಜ. ಪೆಪ್ಟೈಡ್‌ದೇ ಉದಾಹರಣೆ ಇದೆ. ಕಿಡ್ನಿ ರೋಗಿಗಳ ರಕ್ತಹೀನತೆಗೆ ಪೆಜಿನೆಸಟೈಡ್ ಅನ್ನುವ ಔಷಧಿಗೆ ಅಮೆರಿಕದಲ್ಲಿ 2012ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕಿತು. 2013ರ ಫೆಬ್ರವರಿಯಲ್ಲಿ ಅದನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು. ಮೊದಲ ಡೋಸ್‌ಗೇ ಕೆಲವರಿಗೆ ತೀವ್ರ ಅಲರ್ಜಿ ಆಗಿ ಸಾವೂ ಸಂಭವಿಸಿತ್ತು.

ಆದರೆ ಅದು ಹೊರಗೆ ಬಂದದ್ದು ಹೇಗೆ? ಯಾರಿಗೆ ಯಾವ ಔಷಧಿ ಕೊಟ್ಟಿದ್ದಾರೆ ಅನ್ನುವ ದಾಖಲೆ ಆಸ್ಪತ್ರೆಗಳಲ್ಲಿ ಇತ್ತು. ವೈದ್ಯರು ವರದಿ ಮಾಡಿದರು, ಯಾರೋ ಕೂತು ಎಣಿಸಿದರು, ವರ್ಷ ತುಂಬುವ ಮೊದಲೇ ಮಾರಾಟ ನಿಂತಿತು. ಆನ್‌ಲೈನ್ ಬಾಟಲಿಯಿಂದ ಹತ್ತು ಜನರಿಗೆ ಅದೇ ರೀತಿ ಆದರೆ ಯಾರು ಎಣಿಸುತ್ತಾರೆ? ಎಷ್ಟು ಜನರಿಗೆ ಆಗಿದೆ ಅನ್ನುವುದೇ ತಿಳಿಯುವುದಿಲ್ಲ, ಏಕೆಂದರೆ ಬಹಳ ಮಂದಿ ಅದನ್ನು ಡಾಕ್ಟರಿಗೂ ಹೇಳಿರುವುದಿಲ್ಲ. ರೀಕಾಲ್ ಆಗಿದೆ ಅಂದರೆ ಯಾರೋ ಕಾಯುತ್ತಿದ್ದಾರೆ ಅಂತ ಅರ್ಥ.

ಕೋಶಕೂಟ

ಶುದ್ಧತೆ ಜಾಸ್ತಿ ಇದ್ದರೂ ಅನಾಹುತ ಆಗಬಹುದು ಅನ್ನುವುದಕ್ಕೆ ನನಗೆ ಯಾವಾಗಲೂ ನೆನಪಾಗುವುದು 1989ರ ಎಲ್-ಟ್ರಿಪ್ಟೋಫಾನ್ ಪ್ರಕರಣ. ಅದು ಪೆಪ್ಟೈಡ್ ಕೂಡ ಅಲ್ಲ, ಒಂದೇ ಒಂದು ಅಮೈನೋ ಆಮ್ಲ. ನಿದ್ದೆಗೆ, ಮನಸ್ಸಿನ ನೆಮ್ಮದಿಗೆ ಅಂತ ಜನ ಮಾತ್ರೆಯಾಗಿ ನುಂಗುತ್ತಿದ್ದರು. ಅಮೆರಿಕದಲ್ಲಿ ಇದ್ದಕ್ಕಿದ್ದಂತೆ ತೀವ್ರ ಸ್ನಾಯುನೋವು, ರಕ್ತದಲ್ಲಿ ಇಯೋಸಿನೋಫಿಲ್ ಅನ್ನುವ ಬಿಳಿಕಣಗಳ ವಿಪರೀತ ಏರಿಕೆ ಕಾಣಿಸಿತು. 1500ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 30ಕ್ಕೂ ಹೆಚ್ಚು ಜನ ಸತ್ತರು. ಹುಡುಕುತ್ತಾ ಹೋದಾಗ ಬಹುಪಾಲು ಪ್ರಕರಣಗಳು ಒಬ್ಬನೇ ತಯಾರಕನ ವಸ್ತುವಿಗೆ ಹೋಗಿ ನಿಂತವು. ಆ ವಸ್ತುವಿನ ಶುದ್ಧತೆ 99%ಗಿಂತ ಜಾಸ್ತಿ ಇತ್ತು. ಅನುಮಾನ ಬಿದ್ದದ್ದು ತೀರಾ ಅಲ್ಪ ಪ್ರಮಾಣದಲ್ಲಿದ್ದ ಕಲ್ಮಶಗಳ ಮೇಲೆ.

ಎಷ್ಟು ಕಲ್ಮಶ ಅನ್ನುವುದರ ಜೊತೆಗೆ ಯಾವ ಕಲ್ಮಶ ಅಂತಲೂ ಕೇಳಲೇಬೇಕು. ಪೆಪ್ಟೈಡ್ ವಿಷಯದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಒಂದು ಅಮೈನೋ ಆಮ್ಲ ತಪ್ಪಿದ ಸರಪಳಿಯನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಪರಕೀಯ ಅಂತ ಗುರುತಿಸಿ, ಅದರ ವಿರುದ್ಧ ಪ್ರತಿಕಾಯ ತಯಾರಿಸಬಹುದು. ಆ ಪ್ರತಿಕಾಯ ಮುಂದೆ ಅಸಲಿ ಪೆಪ್ಟೈಡ್ ಮೇಲೂ, ಕೆಲವೊಮ್ಮೆ ನಮ್ಮ ದೇಹದ್ದೇ ಹಾರ್ಮೋನ್ ಮೇಲೂ ಬೀಳಬಹುದು.

ಗಾಜುಕೊಳವೆ

ಕೋಶಕೂಟ ಹೇಳಿದ್ದು ಸರಿ. ಗ್ಲುಕಗಾನ್, ಲಿರಾಗ್ಲುಟೈಡ್, ಟೆರಿಪ್ಯಾರಟೈಡ್ ಸೇರಿ ಐದು ಪೆಪ್ಟೈಡ್‌ಗಳ ಜೆನೆರಿಕ್ (ಮೂಲ ಔಷಧಿಯ ಪ್ರತಿರೂಪ) ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮೂಲ ಔಷಧಿಯಲ್ಲಿ ಇಲ್ಲದ ಹೊಸ ಪೆಪ್ಟೈಡ್ ಕಲ್ಮಶ ಯಾವುದೇ ಇರಲಿ, ಒಂದೊಂದೂ 0.5% ಮೀರಬಾರದು ಅಂತ ಅದರಲ್ಲಿದೆ. ಅಷ್ಟೇ ಅಲ್ಲ, 0.1%ಗಿಂತ ಜಾಸ್ತಿ ಇರುವುದನ್ನೆಲ್ಲ ಗುರುತಿಸಿ ಹೆಸರಿಡಬೇಕು. ಈಗ ಆ ಪಿಡಿಎಫ್ ನೋಡಿ. ಉಳಿದ 0.8% ಏನು ಅಂತ ಅದರಲ್ಲಿ ಎಲ್ಲಾದರೂ ಇದೆಯಾ?

ಬಿಪಿಸಿ-157 ಬಗ್ಗೆಯೂ 2023ರಲ್ಲಿ ಎಫ್‌ಡಿಎ ಇದೇ ಆತಂಕ ಹೇಳಿತ್ತು. ಔಷಧಿ ಅಂಗಡಿಗಳು ತಾವೇ ಬೆರೆಸಿ ಕೊಡುವ ವಸ್ತುಗಳ ಪೈಕಿ ಸುರಕ್ಷತೆಯ ಅನುಮಾನ ಇರುವವುಗಳ ಪಟ್ಟಿಗೆ ಆಗ ಅದನ್ನು ಸೇರಿಸಿತು. ಪ್ರತಿಕಾಯದ ಅಪಾಯ, ಪೆಪ್ಟೈಡ್ ಕಲ್ಮಶಗಳ ಜಟಿಲತೆ, ಮನುಷ್ಯರ ಮೇಲಿನ ಸುರಕ್ಷತೆ ಮಾಹಿತಿಯ ಕೊರತೆ, ಇವು ಕೊಟ್ಟ ಕಾರಣಗಳು.

ಓಟಗಾರ

ತಮ್ಮ ಯಾವುದಾದರೂ ಸ್ಪರ್ಧೆಯಲ್ಲಿ ಭಾಗವಹಿಸುತ್ತಿದ್ದರೆ ಇದನ್ನೂ ಹೇಳಿ. ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, 2022ರಿಂದ ಬಿಪಿಸಿ-157 ಹೆಸರನ್ನೇ ನಿಷೇಧಿತ ಪಟ್ಟಿಯಲ್ಲಿ ಹಾಕಿದೆ. ಯಾವುದೇ ಸರ್ಕಾರದ ಅನುಮತಿ ಇಲ್ಲದ ವಸ್ತುಗಳ ವಿಭಾಗ ಅದು. ಸ್ಪರ್ಧೆ ಇದ್ದಾಗಲೂ ಇಲ್ಲದಾಗಲೂ ನಿಷೇಧ. ಬಾಟಲಿಯಲ್ಲಿ ಬೇರೆ ಏನಾದರೂ ಬೆರೆತಿದ್ದರೂ ಹೊಣೆ ಆಟಗಾರನದೇ.

ಬೆಳದಿಂಗಳು

ನಾನು ಸ್ವಲ್ಪ ಬೇರೆ ದಾರಿಯಲ್ಲಿ ಬಂದವಳು. ನನಗೆ ಸಕ್ಕರೆ ಕಾಯಿಲೆ. ಡಾಕ್ಟರ್ ಸೆಮಾಗ್ಲುಟೈಡ್ ಬರೆದುಕೊಟ್ಟಿದ್ದಾರೆ, ಅದೂ ಚುಚ್ಚಿಕೊಳ್ಳುವ ಪೆಪ್ಟೈಡೇ ಅಂತೆ. ಪರಿಚಯದವರೊಬ್ಬರು ಆನ್‌ಲೈನ್‌ನಲ್ಲಿ ಅದೇ ಔಷಧಿ ಚೀಟಿ ಇಲ್ಲದೆ, ಕಡಿಮೆಗೆ ಸಿಗುತ್ತದೆ ಅಂದರು. ಅದು ಲೈಸೆನ್ಸ್ ಇರುವ ಔಷಧಿಯೇ ಅಲ್ವಾ? ಹಾಗಿದ್ದರೆ ಎಲ್ಲಿ ಕೊಂಡರೇನು?

ಔಷಧಿಪೆಟ್ಟಿಗೆ

ಬೆಳದಿಂಗಳು ಅಕ್ಕಾ, ದಯವಿಟ್ಟು ಬೇಡ. ಲೈಸೆನ್ಸ್ ಇರುವುದು ಆ ತಯಾರಕರ ಔಷಧಿಗೆ, ಆ ಹೆಸರು ಹಚ್ಚಿದ ಎಲ್ಲ ಬಾಟಲಿಗೂ ಅಲ್ಲ.

2023ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದಲ್ಲಿ ನಕಲಿ ಓಝೆಂಪಿಕ್ (ಸೆಮಾಗ್ಲುಟೈಡ್ ಔಷಧಿಯ ಒಂದು ಬ್ರ್ಯಾಂಡ್) ಪೆನ್ ಬಳಸಿದ ಕೆಲವರು ಆಸ್ಪತ್ರೆ ಸೇರಿದರು. ರಕ್ತದ ಸಕ್ಕರೆ ವಿಪರೀತ ಕೆಳಗಿಳಿದಿತ್ತು. ಒಳಗೆ ಸೆಮಾಗ್ಲುಟೈಡ್ ಬದಲು ಇನ್ಸುಲಿನ್ ಇದ್ದಿರಬೇಕು ಅಂತ ಅಲ್ಲಿನ ಅಧಿಕಾರಿಗಳು ಹೇಳಿದರು. ಹೀಗೆ ಆದರೆ ಮನುಷ್ಯ ನಿಂತಲ್ಲೇ ಕುಸಿಯಬಹುದು. 2024ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ನಕಲಿ ಸೆಮಾಗ್ಲುಟೈಡ್ ಬಗ್ಗೆ ಎಚ್ಚರಿಕೆ ಕೊಟ್ಟಿತು. ಆ ನಕಲಿ ಬ್ಯಾಚ್‌ಗಳು ಸಿಕ್ಕಿದ್ದು ಬ್ರೆಜಿಲ್, ಬ್ರಿಟನ್, ಅಮೆರಿಕಗಳಲ್ಲಿ.

ಅದೇ 2024ರಲ್ಲಿ ಒಂದು ಸಂಶೋಧನಾ ತಂಡ ಚೀಟಿ ಇಲ್ಲದೆ ಮಾರುವ ಆನ್‌ಲೈನ್ ಅಂಗಡಿಗಳಿಂದ ಸೆಮಾಗ್ಲುಟೈಡ್ ತರಿಸಿ ನೋಡಿತು. ಆರು ಕಡೆ ದುಡ್ಡು ಕಟ್ಟಿದರೆ ಮೂರು ಕಡೆಯಿಂದ ಮಾತ್ರ ಬಂತು. ಲೇಬಲ್ ಮೇಲೆ ಶುದ್ಧತೆ 99% ಅಂತ ಇತ್ತು. ಅಳೆದಾಗ ಸಿಕ್ಕಿದ್ದು 7ರಿಂದ 14%. ಇನ್ನೂ ವಿಚಿತ್ರ ಅಂದರೆ, ಸೆಮಾಗ್ಲುಟೈಡ್ ಪ್ರಮಾಣ ಹೇಳಿದ್ದಕ್ಕಿಂತ ಸುಮಾರು 29ರಿಂದ 39% ಜಾಸ್ತಿ ಇತ್ತು. ಎಂಡೋಟಾಕ್ಸಿನ್ ಕೂಡ ಸಿಕ್ಕಿತು. ಅಂದರೆ ಕಲ್ಮಶವೂ ಇದೆ, ಡೋಸೂ ಮೀರುತ್ತದೆ, ಎರಡೂ ಒಟ್ಟಿಗೇ.

ನಿಮಗೆ ಗೊತ್ತಿರುವ, ಲೈಸೆನ್ಸ್ ಇರುವ ಔಷಧಿ ಅಂಗಡಿಯಲ್ಲೇ ಕೊಳ್ಳಿ, ಬಿಲ್ ಇಟ್ಟುಕೊಳ್ಳಿ. ಡಬ್ಬದ ಮೇಲಿನ ಬ್ಯಾಚ್ ನಂಬರ್, ಪೆನ್ ಮೇಲಿನ ನಂಬರ್ ಎರಡೂ ಒಂದೇ ಇರಬೇಕು. ಲೇಬಲ್ ಸೊಟ್ಟಗಿದ್ದರೆ, ಅಕ್ಷರ ತಪ್ಪಿದ್ದರೆ, ಪೆನ್ನಿನ ಬಣ್ಣವೋ ಡೋಸ್ ತಿರುಗಿಸುವ ರೀತಿಯೋ ಹಿಂದಿನದಕ್ಕಿಂತ ಬೇರೆ ಕಂಡರೆ ಚುಚ್ಚಿಕೊಳ್ಳುವ ಮೊದಲೇ ಅಂಗಡಿಯವರಿಗೆ ತೋರಿಸಿ. ಖರ್ಚು ತಡೆಯಲು ಆಗುತ್ತಿಲ್ಲ ಅಂದರೆ ಅದನ್ನು ಡಾಕ್ಟರಿಗೆ ನೇರವಾಗಿ ಹೇಳಿ. ಸಕ್ಕರೆ ಕಾಯಿಲೆಗೆ ಕಡಿಮೆ ಖರ್ಚಿನ, ಹಳೆಯ, ಒಳ್ಳೆಯ ಔಷಧಿಗಳು ಬೇಕಾದಷ್ಟಿವೆ. ಇದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ಬೆಳದಿಂಗಳು

ತುಂಬಾ ಉಪಕಾರ ಆಯಿತಮ್ಮ. ಅಂಗಡಿಯಲ್ಲೇ ತರಿಸುತ್ತೇನೆ. ಮುಂದಿನ ಸಲ ಹೋದಾಗ ಖರ್ಚಿನ ಮಾತನ್ನು ಡಾಕ್ಟರ್ ಹತ್ತಿರ ತೆಗೆಯುತ್ತೇನೆ.

ಹೊಸಚಿಗುರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕುಡಿಯುವ ಕೊಲಾಜನ್ ಪೆಪ್ಟೈಡ್ ಪುಡಿಗೂ ಇದೆಲ್ಲ ಅನ್ವಯಿಸುತ್ತದಾ?

ಗಾಜುಕೊಳವೆ

ಇಲ್ಲ, ಅದು ಬೇರೆ ಲೋಕ. ಅದು ಆಹಾರ, ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಅಲ್ಲಿ ನೋಡಬೇಕಾದದ್ದು ಯಾವ ಪ್ರಾಣಿಯಿಂದ ಬಂದದ್ದು, ಭಾರಲೋಹ ಮತ್ತು ಸೂಕ್ಷ್ಮಜೀವಿಗಳ ಪರೀಕ್ಷೆ ಆಗಿದೆಯಾ ಅನ್ನುವುದು. ಮೀನಿನ ಅಲರ್ಜಿ ಇದ್ದರೆ ಮೂಲ ತಪ್ಪದೆ ನೋಡಿ.

ಕೋಶಕೂಟ

"ಸಂಶೋಧನೆಗೆ ಮಾತ್ರ" ಅನ್ನುವ ಪೆಪ್ಟೈಡ್‌ಗಳನ್ನು ನಿಜಕ್ಕೂ ಸಂಶೋಧನೆಗೇ ಬಳಸುವವಳು ನಾನು. ಜೀವಕೋಶಗಳನ್ನು ಬೆಳೆಸಿ ಅವುಗಳ ಮೇಲೆ ಪರೀಕ್ಷೆ ಮಾಡುತ್ತೇವೆ. ಇಲ್ಲಿ ಹೊಸ ವಿದ್ಯಾರ್ಥಿಗಳು ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಕಲ್ಮಶ ನಮ್ಮ ಫಲಿತಾಂಶಗಳನ್ನೂ ಹಾಳು ಮಾಡುತ್ತದೆ.

ಎಚ್ಐವಿ ಲಸಿಕೆ ಪ್ರಯೋಗಗಳ ಒಂದು ಕಥೆ 2008ರಲ್ಲಿ ಪ್ರಕಟವಾಯಿತು. ಲಸಿಕೆಗೆ ಜನರ ಟಿ-ಕೋಶಗಳು, ಅಂದರೆ ಒಂದು ಬಗೆಯ ರೋಗನಿರೋಧಕ ಕೋಶಗಳು, ಸ್ಪಂದಿಸುತ್ತವೆಯೇ ಅಂತ ನೋಡಲು ಕೊಂಡು ತಂದ ಪೆಪ್ಟೈಡ್ ಬಳಸಿದ್ದರು. ಬರಬಾರದ ಕಡೆ ಪ್ರತಿಕ್ರಿಯೆ ಬಂತು. ಬೆನ್ನು ಹತ್ತಿದಾಗ ಗೊತ್ತಾಯಿತು, ಆ ಪೆಪ್ಟೈಡ್ ಒಳಗೆ ಬೇರೊಂದು ಪೆಪ್ಟೈಡ್ ಸ್ವಲ್ಪವೇ ಸ್ವಲ್ಪ ಬೆರೆತಿತ್ತು. ಟಿ-ಕೋಶಗಳಿಗೆ ಅಷ್ಟೇ ಸಾಕಾಗಿತ್ತು. ಅವು ಯಂತ್ರಕ್ಕಿಂತ ಸೂಕ್ಷ್ಮ.

ಟ್ರೈಫ್ಲೂರೋಅಸಿಟೇಟ್ ಬಗ್ಗೆಯೂ ಎಚ್ಚರ ಇರಲಿ. ರಾಳದಿಂದ ಪೆಪ್ಟೈಡ್ ಬಿಡಿಸುವಾಗ, ಶುದ್ಧಿ ಮಾಡುವಾಗ ಬಳಸುವ ಆಮ್ಲದ ಉಳಿಕೆ ಅದು. ಮೂಳೆ ಮತ್ತು ಮೃದ್ವಸ್ಥಿಯ ಕೋಶಗಳ ಬೆಳವಣಿಗೆಯನ್ನು ಅದೇ ತಗ್ಗಿಸುತ್ತದೆ ಅಂತ 1999ರಲ್ಲೇ ತೋರಿಸಿದ್ದಾರೆ. ನಿಮ್ಮ ಪೆಪ್ಟೈಡ್ ಕೋಶಗಳನ್ನು ತಡೆಯುತ್ತಿದೆ ಅಂತ ನೀವು ಅಂದುಕೊಂಡಿರುತ್ತೀರಿ, ತಡೆಯುತ್ತಿರುವುದು ಉಪ್ಪು! ಕೋಶಗಳ ಕೆಲಸಕ್ಕೆ ಅಸಿಟೇಟ್ ಅಥವಾ ಕ್ಲೋರೈಡ್ ಉಪ್ಪು ಕೇಳಿ ತರಿಸಿಕೊಳ್ಳಿ. ಅದೇ ಅಮೈನೋ ಆಮ್ಲಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದ ಪೆಪ್ಟೈಡ್ ಒಂದನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಫಲಿತಾಂಶ ಮುಖ್ಯವಾದದ್ದಾದರೆ ಬೇರೆ ಕಡೆ ಮಾಡಿಸಿದ ಎರಡನೇ ಬ್ಯಾಚ್‌ನಲ್ಲೂ ಅದು ಬರುತ್ತದಾ ನೋಡಿ. ನಾನಂತೂ ಎರಡನೇ ಬ್ಯಾಚ್ ಇಲ್ಲದೆ ಯಾವ ಗ್ರಾಫನ್ನೂ ನಂಬುವುದಿಲ್ಲ.

ಅರೆಬೆಳಕು

ಕೋಶಕೂಟ ಮೇಡಂ, ನಾನು ಪಿಎಚ್‌ಡಿ ಮೊದಲ ವರ್ಷ. ಒಳ್ಳೆಯ ಕಡೆಯಿಂದ ತಂದ ಪೆಪ್ಟೈಡ್ ನಮ್ಮ ಲ್ಯಾಬ್‌ನಲ್ಲಿ ಇಟ್ಟಲ್ಲೇ ಕೆಟ್ಟುಹೋಗುತ್ತಿದೆ ಅನ್ನಿಸುತ್ತದೆ. ಮೊದಲ ತಿಂಗಳು ಚೆನ್ನಾಗಿ ಕೆಲಸ ಮಾಡಿ ಆಮೇಲೆ ಏನೂ ಇಲ್ಲ.

ಕೋಶಕೂಟ

ಸರಪಳಿಯಲ್ಲಿ ಏನಿದೆ ಅಂತ ಮೊದಲು ನೋಡಿ. ಮೆಥಿಯೋನಿನ್, ಸಿಸ್ಟೀನ್, ಟ್ರಿಪ್ಟೋಫಾನ್ ಇದ್ದರೆ ಗಾಳಿಯ ಆಮ್ಲಜನಕಕ್ಕೆ ಬೇಗ ಕೆಡುತ್ತವೆ. ಆಸ್ಪರಜಿನ್ ಪಕ್ಕದಲ್ಲಿ ಗ್ಲೈಸಿನ್ ಇದ್ದರೆ ನೀರಿನಲ್ಲಿ ಕರಗಿಸಿಟ್ಟಾಗ ಆ ಜಾಗ ನಿಧಾನವಾಗಿ ಬದಲಾಗುತ್ತದೆ, ತೂಕದಲ್ಲಿ ಸುಮಾರು ಒಂದು ಹೈಡ್ರೋಜನ್ ಪರಮಾಣುವಿನಷ್ಟು, ಅಂದರೆ ಒಂದು ಡಾಲ್ಟನ್‌ನಷ್ಟು ವ್ಯತ್ಯಾಸ ಮಾತ್ರ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ.

ಪುಡಿಯಾಗಿಯೇ ಮೈನಸ್ 20 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ ಇಡಿ. ಫ್ರೀಜರ್‌ನಿಂದ ತೆಗೆದ ತಕ್ಷಣ ಮುಚ್ಚಳ ತೆರೆಯಬೇಡಿ. ಕೋಣೆಯ ಉಷ್ಣಾಂಶಕ್ಕೆ ಬರುವವರೆಗೆ ಕಾಯಿರಿ. ಇಲ್ಲದಿದ್ದರೆ ಗಾಳಿಯ ತೇವ ಒಳಗೆ ಹನಿಗಟ್ಟುತ್ತದೆ. ಹಿಮ ತಾನೇ ಕರಗಿಸಿಕೊಳ್ಳುವ ಫ್ರೀಜರ್ ಬೇಡ, ಅದು ಆಗಾಗ ಬಿಸಿಯಾಗುತ್ತದೆ. ಕರಗಿಸಿದ ಮೇಲೆ ಒಂದು ಸಲಕ್ಕೆ ಬೇಕಾದಷ್ಟೇ ಇರುವ ಹಾಗೆ ಸಣ್ಣ ಕೊಳವೆಗಳಿಗೆ ಹಂಚಿ ಇಡಿ. ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಬಾರದು. ನೀವು ಬಹುಶಃ ಒಂದೇ ಕೊಳವೆಯಿಂದ ತಿಂಗಳಿಡೀ ತೆಗೆಯುತ್ತಿದ್ದೀರಿ, ಅಲ್ವಾ?

ಅರೆಬೆಳಕು

ಹೌದು ಮೇಡಂ, ಒಂದೇ ಕೊಳವೆ. ನಾಳೆಯೇ ಹೊಸದಾಗಿ ಕರಗಿಸಿ ಹಂಚಿಡುತ್ತೇನೆ.

ನೇರಮಾತು

ಇಲ್ಲಿಯವರೆಗೆ ಬಂದದ್ದನ್ನೆಲ್ಲ ಓದಿದೆ. 20 ಬಾಟಲಿಯ ಲೆಕ್ಕ ನಾನೇ ಹಾಕಿ ನೋಡಿದೆ, ಸರಿ ಇದೆ. ನಮ್ಮ ಗುಂಪಿನ ಯಾವ ಪರೀಕ್ಷೆಯಲ್ಲೂ ಎಂಡೋಟಾಕ್ಸಿನ್ ನೋಡಿಸಿಲ್ಲ, ಅದೂ ನಿಜ. ನನಗೆ ಇನ್ನೊಂದು ಗೊತ್ತಾಗಬೇಕು. ರಿಪೋರ್ಟೇ ನಕಲಿ ಅಂತ ಕಂಡುಹಿಡಿಯುವುದು ಹೇಗೆ?

ಗಾಜುಕೊಳವೆ

ಕೆಲವು ಗುರುತುಗಳಿವೆ. ಬ್ಯಾಚ್ ನಂಬರ್ ಮತ್ತು ಪರೀಕ್ಷೆಯ ದಿನಾಂಕ ಇಲ್ಲದ ರಿಪೋರ್ಟ್ ಯಾವ ಬಾಟಲಿಗೂ ಸೇರಿದ್ದಲ್ಲ. ಬೇರೆ ಬೇರೆ ಬ್ಯಾಚ್‌ಗೆ ಒಂದೇ ಗ್ರಾಫ್ ಹಾಕಿರುವುದು ಬಹಳ ಸಲ ಕಾಣುತ್ತದೆ. ಪಕ್ಕಪಕ್ಕ ಇಟ್ಟು ಪೀಕ್ ಬಂದ ಸಮಯವನ್ನು ದಶಾಂಶದವರೆಗೆ ಹೋಲಿಸಿ. ಎರಡು ನಿಜವಾದ ಪರೀಕ್ಷೆಗಳು ಅಷ್ಟು ಕರಾರುವಾಕ್ಕಾಗಿ ಒಂದೇ ಬರುವುದಿಲ್ಲ. ಯಾವ ಕಾಲಂ, ಯಾವ ದ್ರಾವಕ, ಎಷ್ಟು ನಿಮಿಷ ಓಡಿಸಿದರು ಅನ್ನುವುದು ಇರಬೇಕು. ಅವಸರದಲ್ಲಿ ಓಡಿಸಿದರೆ ಕಲ್ಮಶವೆಲ್ಲ ಮುಖ್ಯ ಪೀಕ್ ಕೆಳಗೇ ಅಡಗಿಕೊಳ್ಳುತ್ತದೆ, ಸಂಖ್ಯೆ ಸುಂದರವಾಗಿ ಬರುತ್ತದೆ. ಲ್ಯಾಬ್‌ನ ಹೆಸರಿದ್ದರೆ ಆ ಲ್ಯಾಬ್ ಅನ್ನೇ ನೇರವಾಗಿ ಕೇಳಿ, ರಿಪೋರ್ಟ್‌ನಲ್ಲಿ ಕೊಟ್ಟ ಫೋನ್ ನಂಬರ್ ಅಥವಾ ಲಿಂಕ್ ಬಳಸಬೇಡಿ. ಪರೀಕ್ಷಾ ಲ್ಯಾಬ್ ಸಮರ್ಥವಾಗಿದೆ ಅನ್ನುವುದಕ್ಕೆ ಕೊಡುವ ಐಎಸ್ಒ 17025 ಮಾನ್ಯತೆ ಇದೆ ಅಂತ ಬರೆದಿದ್ದರೆ ಆ ನಿರ್ದಿಷ್ಟ ಪರೀಕ್ಷೆಗೆ ಇದೆಯಾ ಅಂತ ನೋಡಿ. ನೀರಿನ ಪರೀಕ್ಷೆಗೆ ಸಿಕ್ಕ ಮಾನ್ಯತೆ ಪೆಪ್ಟೈಡ್‌ಗೆ ಬರುವುದಿಲ್ಲ.

ಆದರೆ ಒಂದು ಮಾತು ಒತ್ತಿ ಹೇಳುತ್ತೇನೆ ನೇರಮಾತು ಅವರೇ. ರಿಪೋರ್ಟ್ ಅಸಲಿಯಾದರೂ ಅದು ಆ ಬಾಟಲಿಯನ್ನು ಔಷಧಿ ಮಾಡುವುದಿಲ್ಲ. ಲ್ಯಾಬ್ ಕೆಲಸಕ್ಕೆ ತರಿಸುವವರು ಇದನ್ನೆಲ್ಲ ನೋಡಿ ತರಿಸಲಿ. ಮೈಗೆ ಚುಚ್ಚಿಕೊಳ್ಳಲು "ಒಳ್ಳೆಯ ಮಾರಾಟಗಾರ" ಅನ್ನುವವರು ಇವರಲ್ಲಿ ಯಾರೂ ಇಲ್ಲ. ಅನುಮತಿ ಇರುವ ಔಷಧಿ, ಡಾಕ್ಟರ್ ಚೀಟಿ, ಲೈಸೆನ್ಸ್ ಇರುವ ಅಂಗಡಿ, ಅಷ್ಟೇ ದಾರಿ. ಅನುಮತಿಯೇ ಇಲ್ಲದ ಪೆಪ್ಟೈಡ್ ಬೇಕೇಬೇಕು ಅಂತಿದ್ದರೆ ನೋಂದಾಯಿತ ಪ್ರಯೋಗದಲ್ಲಿ ಸೇರುವುದೊಂದೇ, ಅಲ್ಲಿ ನಿಮ್ಮನ್ನು ನೋಡಿಕೊಳ್ಳುವವರು ಇರುತ್ತಾರೆ.

ಔಷಧಿಪೆಟ್ಟಿಗೆ

ಶುದ್ಧತೆ ಎಷ್ಟು ಮುಖ್ಯ ಅನ್ನುವುದನ್ನು ಇನ್ಸುಲಿನ್ ಶುರುವಾದ ಕಥೆಯೇ ಹೇಳುತ್ತದೆ. 1922ರ ಜನವರಿ 11ರಂದು ಟೊರೊಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಚುಚ್ಚುಮದ್ದು ಕೊಟ್ಟರು. ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಆ ಸಾರ ಶುದ್ಧವಾಗಿರಲಿಲ್ಲ. ಸಕ್ಕರೆ ಅಷ್ಟಾಗಿ ಇಳಿಯಲಿಲ್ಲ, ಚುಚ್ಚಿದ ಜಾಗದಲ್ಲಿ ಬಾವು ಎದ್ದಿತು, ನಿಲ್ಲಿಸಬೇಕಾಯಿತು. ಜೇಮ್ಸ್ ಕೊಲಿಪ್ ಹಗಲುರಾತ್ರಿ ಕೂತು ಅದನ್ನು ಶುದ್ಧಿ ಮಾಡಿದರು. ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಔಷಧಿ ಅದೇ, ವ್ಯತ್ಯಾಸ ಶುದ್ಧತೆಯಲ್ಲಿ. ಕೊಲಿಪ್ ಹೆಸರು ಇನ್ಸುಲಿನ್ ಕಂಡುಹಿಡಿದವರು ಅಂತ ಹೆಸರಾದ ಬ್ಯಾಂಟಿಂಗ್, ಬೆಸ್ಟ್ ಹೆಸರುಗಳಷ್ಟು ಜನಕ್ಕೆ ಗೊತ್ತಿಲ್ಲ ಅನ್ನುವುದು ನನಗೆ ಯಾವಾಗಲೂ ಬೇಸರ.

ಮುಂಜಾವು

ತಮ್ಮನಿಗೆ ಎಲ್ಲ ಓದಿಸಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ, ಅವನ ಗೆಳೆಯ ಇದೇ ಬಾಟಲಿಯಿಂದ ಆಗಲೇ ಎರಡು ಸಲ ಚುಚ್ಚಿಕೊಂಡಿದ್ದಾನಂತೆ. ಅವನಿಗೆ ಏನು ಹೇಳಬೇಕು? ಮನೆಯಲ್ಲಿ ಗೊತ್ತಾದರೆ ಬೈಯುತ್ತಾರೆ ಅಂತ ಹೆದರಿ ಯಾರಿಗೂ ಹೇಳಿಲ್ಲ.

ಔಷಧಿಪೆಟ್ಟಿಗೆ

ಇನ್ನು ಚುಚ್ಚಿಕೊಳ್ಳಬೇಡ ಅನ್ನಿ. ಹಾಗೆಯೇ ಬಾಟಲಿ ಎಸೆಯಬೇಡ ಅನ್ನಿ. ಲೇಬಲ್, ಉಳಿದ ಪುಡಿ, ಬೆರೆಸಲು ಬಳಸಿದ ನೀರಿನ ಬಾಟಲಿ ಎಲ್ಲವನ್ನೂ ಮುಚ್ಚಿ ಇಟ್ಟುಕೊಳ್ಳಲಿ. ಜ್ವರ, ಚಳಿ ನಡುಕ, ಚುಚ್ಚಿದ ಜಾಗ ಕೆಂಪಾಗಿ ಬಿಸಿಯಾಗಿ ಹರಡುವುದು, ಕೀವು, ಇವುಗಳಲ್ಲಿ ಏನೇ ಕಂಡರೂ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ಉಸಿರು ಕಟ್ಟಿದರೆ, ಮುಖ ತುಟಿ ಊದಿದರೆ, ತಲೆಸುತ್ತಿ ಬಿದ್ದರೆ ನೇರ ತುರ್ತು ಚಿಕಿತ್ಸೆಗೆ. ಹೋಗುವಾಗ ಬಾಟಲಿ ತೆಗೆದುಕೊಂಡು ಹೋಗಲಿ, ಏನು ಚುಚ್ಚಿಕೊಂಡೆ ಅಂತ ಮುಚ್ಚಿಡದೆ ಹೇಳಲಿ. ಏನು ಹೋಗಿದೆ ಅಂತ ಗೊತ್ತಿದ್ದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ. ಸೂಜಿಯನ್ನೋ ಬಾಟಲಿಯನ್ನೋ ಬೇರೆಯವರ ಜೊತೆ ಹಂಚಿಕೊಂಡಿದ್ದರೆ ಅದನ್ನೂ ಹೇಳಬೇಕು, ಎಚ್ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಬೇಕಾಗುತ್ತದೆ.

ಏನೂ ತೊಂದರೆ ಇಲ್ಲದಿದ್ದರೂ ಒಂದು ಸಲ ಡಾಕ್ಟರಿಗೆ ತೋರಿಸಿಬಿಡಲಿ. ತಮ್ಮನ ಮೊಣಕಾಲಿಗೂ ಮೂಳೆ ಡಾಕ್ಟರ್, ಫಿಸಿಯೋಥೆರಪಿ ಕಡೆ ಹೋಗಿ. ಮನೆಯವರ ಬೈಗುಳದ ಭಯ ಇದ್ದರೆ ನೀವೇ ಆ ಹುಡುಗನ ಜೊತೆ ಹೋಗಿ ಬನ್ನಿ ಅಕ್ಕಾ.

ಮುಂಜಾವು

ಹೋಗುತ್ತೇನೆ ಮೇಡಂ. ಈಗಲೇ ಅವನಿಗೆ ಫೋನ್ ಮಾಡಿಸುತ್ತೇನೆ.